‘ಉಷ್ಣ-ಲವಣ ಪರಿಚಲನೆ’: ಕಡಲಾಳದ ಹರಿವಿಗೆ ಯಾವ ಪದ ಬಳಸೋಣ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಕಡಲಿನ ಬಗ್ಗೆ ಒಂದು ಬರಹ ತಯಾರು ಮಾಡುತ್ತಿದ್ದೇನೆ. ಅದರಲ್ಲಿ ಬರುವ ಒಂದು ಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ಇಂಗ್ಲಿಷಿನಲ್ಲಿ ಅದು ‘ಥರ್ಮೋಹೇಲೈನ್ ಸರ್ಕ್ಯುಲೇಶನ್’. ಗ್ರೀಕ್ ಮೂಲದಲ್ಲಿ ‘ಥರ್ಮೋಸ್’ ಅಂದರೆ ಬಿಸಿ, ‘ಹಾಲ್ಸ್’ ಅಂದರೆ ಉಪ್ಪು. ಇದನ್ನೇ ಬಿಡಿಸಿ ಕನ್ನಡದಲ್ಲಿ ‘ಉಷ್ಣ-ಲವಣ ಪರಿಚಲನೆ’ ಎಂದು ಬರೆಯಬಹುದು. ಮೂಲದಲ್ಲಿ ಇರುವುದೆಲ್ಲ ಅದರಲ್ಲಿ ಬಂದಿದೆ, ವ್ಯಾಕರಣದ ತಪ್ಪೂ ಇಲ್ಲ. ಆದರೂ ನನಗೆ ಸಮಾಧಾನ ಇಲ್ಲ. ಈ ಪದವನ್ನು ಮೊದಲ ಸಲ ಓದುವ ಮಗುವಿಗೆ ಏನು ಹೊಳೆಯುತ್ತದೆ? ಬಿಸಿ ಉಪ್ಪುನೀರು ಎಲ್ಲೋ ಸುತ್ತು ಹೊಡೆಯುತ್ತಿದೆ ಅಂತ, ಅಲ್ವಾ? ಕಡಲಿನ ಆಳದಲ್ಲಿ ನಡೆಯುವುದು ಹೆಚ್ಚುಕಡಿಮೆ ಅದರ ಉಲ್ಟಾ. ಅಲ್ಲಿಗೆ ಇಳಿಯುವುದು ಕೈ ಮರಗಟ್ಟಿಸುವಷ್ಟು ತಣ್ಣಗಾದ ನೀರು.

ಪದ ಹುಡುಕುವ ಮೊದಲು ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನನ್ನ ಅನುಮಾನಗಳೆಲ್ಲ ಅದರೊಳಗೇ ಇವೆ.

ಕಡಲಿನ ಒಂದು ಕಿಲೋ ನೀರಿನಲ್ಲಿ ಸರಾಸರಿ 35 ಗ್ರಾಂ ಉಪ್ಪು ಕರಗಿರುತ್ತದೆ. ಇಂಥ ನೀರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದರೆ, ಒಂದು ಘನ ಮೀಟರ್ ನೀರು ಸುಮಾರು 1,023 ಕಿಲೋ ತೂಗುತ್ತದೆ. ಅದನ್ನೇ 0 ಡಿಗ್ರಿಗೆ ತಂಪು ಮಾಡಿದರೆ ಅಷ್ಟೇ ಜಾಗದ ನೀರು 1,028 ಕಿಲೋ. ವ್ಯತ್ಯಾಸ ಬರೀ 5 ಕಿಲೋ. ಸಾವಿರಕ್ಕೆ ಐದು. ಕಡಲಿನ ತಳಕ್ಕೆ ನೀರು ಇಳಿಯುವುದಕ್ಕೆ ಇಷ್ಟು ಸಣ್ಣ ವ್ಯತ್ಯಾಸ ಸಾಕು, ಇದಕ್ಕಿಂತ ಕಡಿಮೆ ಇದ್ದರೂ ಸಾಕು.

ಇಲ್ಲಿ ಇನ್ನೊಂದು ಸಂಗತಿ ಇದೆ. ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ: ನೀರು 4 ಡಿಗ್ರಿಯಲ್ಲಿ ಅತಿ ಭಾರ, ಅದಕ್ಕಿಂತ ತಂಪಾದರೆ ಮತ್ತೆ ಹಗುರ. ಹಾಗಾಗಿಯೇ ಚಳಿದೇಶದ ಕೆರೆಗಳಲ್ಲಿ ಮೇಲೆ ಮಂಜುಗಟ್ಟಿದರೂ ಕೆಳಗೆ ಮೀನು ಬದುಕುತ್ತದೆ. ಇದು ಸಿಹಿನೀರಿನ ಮಾತು. ಕಿಲೋಗೆ 24.7 ಗ್ರಾಂಗಿಂತ ಜಾಸ್ತಿ ಉಪ್ಪು ಇರುವ ನೀರಿಗೆ ಈ ನಿಯಮ ನಡೆಯುವುದಿಲ್ಲ. ಕಡಲಿನ ನೀರು ತಂಪಾದಷ್ಟೂ ಭಾರವಾಗುತ್ತಲೇ ಹೋಗುತ್ತದೆ. ಮೈನಸ್ 1.9 ಡಿಗ್ರಿ ಹತ್ತಿರ ಹೆಪ್ಪುಗಟ್ಟುವ ತನಕವೂ ಅಷ್ಟೆ. ಉಪ್ಪಿನ ಮೊದಲ ಕೆಲಸ ಇದು. ಅದು ತೂಕ ಕೂಡಿಸುವುದಷ್ಟೇ ಅಲ್ಲ, ತಂಪಾಗುವ ನೀರು ಕೊನೆಯವರೆಗೂ ಭಾರವಾಗುವಂತೆ ನೋಡಿಕೊಳ್ಳುತ್ತದೆ.

ಹೆಪ್ಪುಗಟ್ಟುವಾಗ ಏನಾಗುತ್ತದೆ? ಮಂಜುಗಡ್ಡೆಯ ಹರಳು ಉಪ್ಪನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ಹೆಚ್ಚಿನ ಉಪ್ಪು ಹೊರಗೆ ಬಂದು ಕೆಳಗಿನ ನೀರಿಗೆ ಸೇರುತ್ತದೆ. ಮೊದಲೇ ತಣ್ಣಗಿರುವ ನೀರು ಈಗ ಇನ್ನೂ ಉಪ್ಪಾಗುತ್ತದೆ, ಇನ್ನೂ ಭಾರವಾಗುತ್ತದೆ. ಅಂಟಾರ್ಕ್ಟಿಕಾದ ಅಂಚಿನಲ್ಲಿ, ವೆಡೆಲ್ ಸಮುದ್ರ ಮತ್ತು ರಾಸ್ ಸಮುದ್ರದಲ್ಲಿ, ಇದು ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಒಳನಾಡಿನಿಂದ ಬೀಸುವ ಗಾಳಿ ಹೊಸದಾಗಿ ಕಟ್ಟಿದ ಮಂಜುಗಡ್ಡೆಯನ್ನು ದಡದಿಂದ ಆಚೆಗೆ ತಳ್ಳುತ್ತದೆ. ತೆರೆದ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಮತ್ತೆ ಉಪ್ಪು ಬಿಡುತ್ತದೆ. ಹೀಗೆ ಭಾರವಾದ ನೀರು ಖಂಡದ ಅಂಚಿನಿಂದ ಜಾರಿ ಕಡಲತಳ ಸೇರಿ ಉತ್ತರಕ್ಕೆ ಹರಡುತ್ತದೆ. ಭೂಮಿಯ ಅತಿ ಆಳದ ಕಡಲುಗಳ ತಳದಲ್ಲಿ ಇರುವುದು ಬಹುಪಾಲು ಇದೇ ನೀರು.

ಈಗ ಪದಗಳಿಗೆ ಬರುತ್ತೇನೆ.

ಮೊದಲನೆಯದು ‘ಉಷ್ಣ’. ನಮ್ಮ ಮಾತಿನಲ್ಲಿ ಉಷ್ಣ ಅಂದರೆ ಸೆಕೆ, ಇಲ್ಲ ಮೈಗೆ ಆಗುವ ಉಷ್ಣ. ‘ಪಪ್ಪಾಯಿ ತಿಂದರೆ ಉಷ್ಣ’ ಅನ್ನುತ್ತೇವೆ. ವಿಜ್ಞಾನದ ಪುಸ್ತಕದಲ್ಲಿ ಉಷ್ಣ ಅಂದರೆ ಶಾಖ, ಒಂದು ಬಗೆಯ ಶಕ್ತಿ. ತಾಪಮಾನ ಬೇರೆ, ಉಷ್ಣ ಬೇರೆ ಎಂದು ಮೇಷ್ಟ್ರು ಪಾಠ ಮಾಡಿರುತ್ತಾರೆ. ನಮಗೆ ಇಲ್ಲಿ ಬೇಕಾದದ್ದು ತಾಪಮಾನದ ವ್ಯತ್ಯಾಸ, ಅದರಲ್ಲೂ ಮುಖ್ಯವಾಗಿ ತಂಪು. ‘ಉಷ್ಣ’ ಎಂಬ ಪದ ಆ ಕಡೆಗೆ ಕೈ ತೋರಿಸುವುದೇ ಇಲ್ಲ.

ಎರಡನೆಯದು ‘ಲವಣ’. ಈ ಪದದ ಪರವಾಗಿ ನಾನು ಮಾತಾಡಬಲ್ಲೆ. ಪುರಾಣದ ಏಳು ಕಡಲುಗಳಲ್ಲಿ ಮೊದಲನೆಯದೇ ಲವಣ ಸಮುದ್ರ. ಸೈಂಧವ ಲವಣ ಅಂಗಡಿಯಲ್ಲಿ ಸಿಗುತ್ತದೆ. ರಸಾಯನಶಾಸ್ತ್ರದಲ್ಲಿ ಲವಣ ಅಂದರೆ ಒಂದು ದೊಡ್ಡ ಗುಂಪು, ಉಪ್ಪು ಅಂದರೆ ಅಡುಗೆ ಉಪ್ಪು ಮಾತ್ರ. ಕಡಲಿನಲ್ಲಿ ಕರಗಿರುವುದು ಅಡುಗೆ ಉಪ್ಪೊಂದೇ ಅಲ್ಲ. ತೂಕದಲ್ಲಿ ನೂರಕ್ಕೆ ಕ್ಲೋರೈಡ್ ಸುಮಾರು 55 ಪಾಲು, ಸೋಡಿಯಂ 31 ಪಾಲು, ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಬ್ರಿಟನ್ನಿನ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಕಡಲುಗಳನ್ನು ಸುತ್ತಿ ನೀರು ತಂದಿತು. ಅದರಲ್ಲಿ 77 ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷೆ ಮಾಡಿದರು. ಉಪ್ಪು ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಇರಬಹುದು. ಆದರೆ ಆ ಉಪ್ಪಿನೊಳಗೆ ಯಾವುದು ಎಷ್ಟು ಪಾಲು ಎಂಬುದು ಎಲ್ಲ ಕಡಲುಗಳಲ್ಲೂ ಹೆಚ್ಚುಕಡಿಮೆ ಒಂದೇ. ಈ ಒಂದು ಗುಣ ಇಲ್ಲದಿದ್ದರೆ ‘ಲವಣತೆ 35’ ಎಂದು ಒಂದೇ ಅಂಕಿಯಲ್ಲಿ ಹೇಳುವುದಕ್ಕೆ ಆಗುತ್ತಿರಲಿಲ್ಲ. ಹಾಗಾಗಿ ಅಳತೆಯ ಹೆಸರಾಗಿ ‘ಲವಣತೆ’ ಇರಲಿ. ವಿವರಣೆ ಬರೆಯುವಾಗ ‘ಉಪ್ಪಿನಂಶ’, ‘ಉಪ್ಪು’ ಬರಲಿ. ಎರಡನ್ನೂ ಬಳಸಿದರೆ ಮಕ್ಕಳಿಗೆ ಗೊಂದಲ ಆಗುತ್ತದೆ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಾಪಮಾನ ಅನ್ನುವ ಅಳತೆಯ ಪದವನ್ನೂ, ಬಿಸಿ ಅನ್ನುವ ಮನೆಮಾತನ್ನೂ ಮಕ್ಕಳು ಒಟ್ಟಿಗೆ ಇಟ್ಟುಕೊಂಡಿಲ್ಲವೇ?

ಮೂರನೆಯದು ‘ಸಾಂದ್ರತೆ’. ಹೆಸರಿನಲ್ಲಿ ಇದು ಇಲ್ಲ. ಆದರೆ ಕೆಲಸ ಮಾಡುವುದೆಲ್ಲ ಇದೇ. ತಾಪಮಾನವಾಗಲಿ, ಉಪ್ಪಾಗಲಿ ನೇರವಾಗಿ ನೀರನ್ನು ತಳ್ಳುವುದಿಲ್ಲ. ಅವು ನೀರಿನ ಭಾರವನ್ನು ಬದಲಿಸುತ್ತವೆ. ಭಾರ ನೀರನ್ನು ಇಳಿಸುತ್ತದೆ. ‘ಸಾಂದ್ರತೆ’ ಎಂದರೆ ಓದುಗರಿಗೆ ಮೊದಲು ನೆನಪಾಗುವುದು ಜನಸಾಂದ್ರತೆ. ‘ದಟ್ಟ ನೀರು’ ಎಂದು ಬರೆದರೆ ಕೆಸರೋ ಗಂಜಿಯೋ ಎನ್ನಿಸುತ್ತದೆ. ಕಡಲಾಳದ ನೀರು ತಿಳಿಯಾಗಿಯೇ ಇರುತ್ತದೆ. ‘ಭಾರಜಲ’ ಎನ್ನುವ ಹಾಗಿಲ್ಲ, ಆ ಪದವನ್ನು ಅಣುಸ್ಥಾವರದವರು ಬಹಳ ಹಿಂದೆಯೇ ತೆಗೆದುಕೊಂಡಿದ್ದಾರೆ. ಸದ್ಯಕ್ಕೆ ನಾನು ‘ಭಾರವಾದ ನೀರು’ ಎಂದು ಬಿಡಿಸಿಯೇ ಬರೆಯುತ್ತಿದ್ದೇನೆ. ‘ಅಷ್ಟೇ ಜಾಗಕ್ಕೆ ಹೆಚ್ಚು ತೂಕ’ ಎಂದು ಒಂದು ಸಲ ಹೇಳಿಬಿಟ್ಟರೆ ಮುಂದೆ ಸಲೀಸು.

ಇನ್ನು ಉಷ್ಣ-ಲವಣದ ನಡುವಿನ ಆ ಸಣ್ಣ ಗೆರೆ. ನನಗೆ ಅತಿ ಹೆಚ್ಚು ತೊಂದರೆ ಕೊಟ್ಟಿದ್ದು ಅದೇ. ಗಿಡಮರ, ಕೆರೆಕಟ್ಟೆ ಎಂದಾಗ ಜೊತೆಗೆ ನಡೆಯುವ ಎರಡು ಸಂಗತಿ. ಹಗಲುರಾತ್ರಿ, ಸುಖದುಃಖ ಎಂದಾಗ ಎದುರುಬದುರು ನಿಂತವು. ಉಷ್ಣ-ಲವಣ ಯಾವ ಬಗೆ? ಎರಡೂ ಹೌದು. ಜಾಗ ನೋಡಿಕೊಂಡು ಅವು ಜೊತೆಯಾಗುತ್ತವೆ, ಇಲ್ಲವೇ ಜಗಳವಾಡುತ್ತವೆ.

ಉದಾಹರಣೆಗೆ ಅಟ್ಲಾಂಟಿಕ್. ಗಾಳಿ ಮತ್ತು ಬಿಸಿಲು ಸೇರಿ ಅಲ್ಲಿನ ಮೇಲಿನ ನೀರನ್ನು ಆವಿ ಮಾಡುತ್ತವೆ. ವ್ಯಾಪಾರ ಮಾರುತಗಳು ಆ ತೇವದ ಒಂದು ಪಾಲನ್ನು ಮಧ್ಯ ಅಮೆರಿಕದ ಸಣ್ಣ ನೆಲಪಟ್ಟಿಯನ್ನು ದಾಟಿಸಿ ಪೆಸಿಫಿಕ್ ಕಡೆ ಮಳೆಯಾಗಿ ಸುರಿಸುತ್ತವೆ. ನೀರು ಹೋಯಿತು, ಉಪ್ಪು ಉಳಿಯಿತು. ಹಾಗಾಗಿ ಅಟ್ಲಾಂಟಿಕ್ ಉಪ್ಪಾಗಿದೆ. ಈ ನೀರು ಉತ್ತರಕ್ಕೆ ಹೋಗಿ ಲ್ಯಾಬ್ರಡಾರ್ ಸಮುದ್ರ, ಗ್ರೀನ್‌ಲ್ಯಾಂಡ್ ಮತ್ತು ನಾರ್ವೆಯ ಸುತ್ತಿನ ಕಡಲು ಸೇರಿ ಚಳಿಗಾಲದಲ್ಲಿ ತನ್ನ ಶಾಖವನ್ನೆಲ್ಲ ಗಾಳಿಗೆ ಕೊಟ್ಟು ತಣ್ಣಗಾಗುತ್ತದೆ. ಉಪ್ಪೂ ಇದೆ, ತಂಪೂ ಬಂತು. ನೀರು ಇಳಿಯಿತು. ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿಯಲ್ಲಿ ಹೀಗೆ ತಣ್ಣಗಾದ ನೀರು ಕಡಲೊಳಗಿನ ದಿಬ್ಬವನ್ನು ದಾಟಿ ಕೆಳಗೆ ಧುಮುಕುತ್ತದೆ. ಇಳಿತ ಸುಮಾರು 3,500 ಮೀಟರ್. ಪೂರ್ತಿ ನೀರೊಳಗೇ ಇರುವ ಜಲಪಾತ ಅದು. ನೆಲದ ಮೇಲಿನ ಯಾವ ಜಲಪಾತವೂ ಅದರ ಹತ್ತಿರ ಬರುವುದಿಲ್ಲ.

ಈಗ ಉತ್ತರ ಪೆಸಿಫಿಕ್ ನೋಡಿ. ಅಲ್ಲೂ ಚಳಿಗಾಲ ಇದೆ, ಅಲ್ಲೂ ನೀರು ಹೆಪ್ಪುಗಟ್ಟುವಷ್ಟು ತಣ್ಣಗಾಗುತ್ತದೆ. ಆದರೆ ಆ ನೀರು ಕಡಲತಳಕ್ಕೆ ಇಳಿಯುವುದಿಲ್ಲ. ಮಳೆ ಜಾಸ್ತಿ, ಆವಿ ಕಡಿಮೆ, ಮೇಲಿನ ನೀರಿನ ಲವಣತೆ 33ರ ಆಸುಪಾಸು ಮಾತ್ರ. ಎಷ್ಟು ತಣ್ಣಗಾದರೂ ಕೆಳಗಿನ ಉಪ್ಪುನೀರಿಗಿಂತ ಹಗುರವಾಗಿಯೇ ಉಳಿಯುತ್ತದೆ.

ಇದರ ಲೆಕ್ಕವೂ ಸೊಗಸಾಗಿದೆ. ನಮ್ಮಂಥ ಬೆಚ್ಚಗಿನ ಕಡಲಿನಲ್ಲಿ ನೀರು ಒಂದು ಡಿಗ್ರಿ ತಂಪಾದರೆ ಒಂದು ಘನ ಮೀಟರಿಗೆ ಸುಮಾರು 300 ಗ್ರಾಂ ಭಾರವಾಗುತ್ತದೆ. ಹೆಪ್ಪುಗಟ್ಟುವ ಹತ್ತಿರ ಇರುವ ಕಡಲಿನಲ್ಲಿ ಅದೇ ಒಂದು ಡಿಗ್ರಿಗೆ ಸಿಗುವುದು ಸುಮಾರು 50 ಗ್ರಾಂ ಮಾತ್ರ. ಉಪ್ಪಿನ ವಿಷಯ ಹಾಗಲ್ಲ. ಕಿಲೋಗೆ ಒಂದು ಗ್ರಾಂ ಉಪ್ಪು ಜಾಸ್ತಿಯಾದರೆ ಎಲ್ಲಿ ಹೋದರೂ ಒಂದು ಘನ ಮೀಟರಿಗೆ 700ರಿಂದ 800 ಗ್ರಾಂ ತೂಕ ಕೂಡುತ್ತದೆ. ಅಂದರೆ ಬೆಚ್ಚಗಿನ ಕಡಲಿನಲ್ಲಿ ತಾಪಮಾನದ ಮಾತು ನಡೆಯುತ್ತದೆ, ಧ್ರುವದ ಹತ್ತಿರ ಉಪ್ಪಿನ ಮಾತು. ನನ್ನ ಬರಹದಲ್ಲಿ ಮಕ್ಕಳಿಗೆ ತಲುಪಿಸಬೇಕು ಎಂದುಕೊಂಡಿರುವ ಮುಖ್ಯ ಸಂಗತಿ ಇದೇ. ‘ಉಷ್ಣ-ಲವಣ’ ಎಂಬ ಜೋಡಿಪದ ಇದನ್ನು ಮುಚ್ಚಿಬಿಡುತ್ತದೆ.

‘ಉಪ್ಪು ಜಾಸ್ತಿ ಇದ್ದರೆ ತಳಕ್ಕೆ ಹೋಗುತ್ತದೆ’ ಎಂದು ಸರಳ ಮಾಡಿ ಬರೆದರೂ ತಪ್ಪಾಗುತ್ತದೆ. ಮೆಡಿಟರೇನಿಯನ್ ನೀರಿನ ಲವಣತೆ 38 ದಾಟುತ್ತದೆ. ಅದು ಜಿಬ್ರಾಲ್ಟರ್ ದಾಟಿ ಅಟ್ಲಾಂಟಿಕ್ ಸೇರಿದಾಗ ಕೆಳಗೆ ಜಾರುತ್ತದೆ ನಿಜ. ಆದರೆ ಬೆಚ್ಚಗಿರುವುದರಿಂದ, ದಾರಿಯಲ್ಲಿ ಬೇರೆ ನೀರೂ ಬೆರೆಯುವುದರಿಂದ, ಸುಮಾರು 1,000 ಮೀಟರ್ ಆಳದಲ್ಲೇ ನಿಂತು ಹರಡಿಕೊಳ್ಳುತ್ತದೆ. ಅಂಟಾರ್ಕ್ಟಿಕಾದಿಂದ ಬಂದ ತಳದ ನೀರಿನ ಲವಣತೆ 34.7ರ ಹತ್ತಿರ. ಉತ್ತರ ಅಟ್ಲಾಂಟಿಕ್‌ನಲ್ಲಿ ಇಳಿದ ನೀರಿನದು 34.9ರ ಮೇಲೆ. ಕಡಿಮೆ ಉಪ್ಪಿನ ನೀರೇ ಕೆಳಗಿದೆ, ಯಾಕಂದರೆ ಅದು 0 ಡಿಗ್ರಿಯ ಆಸುಪಾಸಿನಲ್ಲಿದೆ.

ನಮ್ಮ ಅರಬ್ಬೀ ಸಮುದ್ರದಲ್ಲೂ ಇದನ್ನು ಕಾಣಬಹುದು. ಅಲ್ಲಿ ಬೀಳುವ ಮಳೆಗಿಂತ ಆವಿಯಾಗುವ ನೀರು ಜಾಸ್ತಿ. ಉತ್ತರ ಭಾಗದಲ್ಲಿ ಮೇಲಿನ ನೀರಿನ ಲವಣತೆ 36 ದಾಟುತ್ತದೆ. ಚಳಿಗಾಲದಲ್ಲಿ ನೆಲದ ಕಡೆಯಿಂದ ಒಣ ಗಾಳಿ ಬೀಸಿ ಅದು ಸ್ವಲ್ಪ ತಂಪಾಗಿ ಇಳಿಯುತ್ತದೆ. ಇಳಿದು ಎಲ್ಲಿಗೆ ಹೋಗುತ್ತದೆ? ಸುಮಾರು 100 ಮೀಟರ್ ಅಷ್ಟೇ. ಪರ್ಷಿಯನ್ ಕೊಲ್ಲಿಯಿಂದ ಬರುವ ಇನ್ನೂ ಉಪ್ಪಾದ ನೀರು 200-300 ಮೀಟರ್ ಆಳದಲ್ಲಿ ಹರಡುತ್ತದೆ. ಕೆಂಪು ಸಮುದ್ರದ ನೀರು 600-800 ಮೀಟರ್ ಆಸುಪಾಸಿನಲ್ಲಿ. ಯಾವುದೂ ತಳ ಮುಟ್ಟುವುದಿಲ್ಲ. ನಮ್ಮ ಕಡಲಿಗೆ ಉತ್ತರದಲ್ಲಿ ಏಷ್ಯಾದ ನೆಲ ಅಡ್ಡ ಇದೆ, ಧ್ರುವದ ಚಳಿಗೆ ತೆರೆದ ನೀರಿಲ್ಲ. ಹಾಗಾದರೆ ಅರಬ್ಬೀ ಸಮುದ್ರದ ತಳದಲ್ಲಿ ಯಾವ ನೀರಿದೆ? ದಕ್ಷಿಣದಿಂದ, ಅಂಟಾರ್ಕ್ಟಿಕಾದ ಕಡೆಯಿಂದ ನಿಧಾನಕ್ಕೆ ತೆವಳಿಕೊಂಡು ಬಂದ ನೀರು. ಮೇಲೆ 28-29 ಡಿಗ್ರಿ, ತಳದಲ್ಲಿ 2 ಡಿಗ್ರಿ ಆಸುಪಾಸು. ಕಾರವಾರದಿಂದ ಮಂಗಳೂರಿನವರೆಗೆ ನಾವು ದಡದಲ್ಲಿ ನಿಂತು ನೋಡುವ ಕಡಲಿನಲ್ಲೇ, ಪಶ್ಚಿಮಕ್ಕೆ ದೂರ ಹೋದರೆ, ಅಷ್ಟು ಕೆಳಗೆ ಆ ದೂರದ ಚಳಿ ಮಲಗಿದೆ. ಮಕ್ಕಳಿಗೆ ಹೇಳುವಾಗ ನಾನು ಇಲ್ಲಿಂದಲೇ ಶುರು ಮಾಡಬೇಕು ಎಂದುಕೊಂಡಿದ್ದೇನೆ.

ಬಂಗಾಳ ಕೊಲ್ಲಿಯದು ಬೇರೆಯೇ ಕಥೆ. ಗಂಗೆ, ಬ್ರಹ್ಮಪುತ್ರ, ಐರಾವತಿ, ಗೋದಾವರಿ, ಕೃಷ್ಣೆ ಎಲ್ಲ ಅಲ್ಲಿಗೇ ಸೇರುತ್ತವೆ. ಮಳೆಯೂ ಜಾಸ್ತಿ. ಮಳೆಗಾಲ ಮುಗಿಯುವಾಗ ಉತ್ತರ ಭಾಗದ ಮೇಲಿನ ನೀರಿನ ಲವಣತೆ 30ಕ್ಕಿಂತ ಕೆಳಗೆ ಹೋಗುತ್ತದೆ. ಈ ಹಗುರ ನೀರು ಮೇಲೆ ತೆಳ್ಳಗೆ ಹರಡಿ ಕೆಳಗಿನ ನೀರಿನ ಜೊತೆ ಬೆರೆಯುವುದಕ್ಕೆ ಬಿಡುವುದಿಲ್ಲ. ಮೇಲಿನ ಪದರ ಬೆಚ್ಚಗೇ ಉಳಿಯುವುದಕ್ಕೆ ಇದೂ ಒಂದು ಕಾರಣ. ಅಲ್ಲಿನ ಚಂಡಮಾರುತಗಳ ಬಗ್ಗೆ ಓದುವವರು ಇದನ್ನು ಬಹಳ ಗಮನಿಸುತ್ತಾರೆ. ಚಳಿಗಾಲ ಬಂದಾಗ ಈ ಕಡಿಮೆ ಉಪ್ಪಿನ ನೀರಿನ ಒಂದು ಪಾಲು ಶ್ರೀಲಂಕಾವನ್ನು ಬಳಸಿಕೊಂಡು ನಮ್ಮ ಪಶ್ಚಿಮ ಕರಾವಳಿಗುಂಟ ಉತ್ತರಕ್ಕೆ ಬರುತ್ತದೆ. ಕೃಷ್ಣೆ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ, ಸೇರುವುದು ಪೂರ್ವದ ಕಡಲನ್ನು. ಆ ಕಡಲಿನ ನೀರು ಮತ್ತೆ ಇತ್ತ ಬರುತ್ತದೆ ಎಂದರೆ ನನಗೆ ಈಗಲೂ ರೋಮಾಂಚನ.

ಇನ್ನು ‘ಪರಿಚಲನೆ’. ರಕ್ತ ಪರಿಚಲನೆಯಿಂದ ಈ ಪದ ನಮಗೆ ಚಿರಪರಿಚಿತ. ಆದರೆ ರಕ್ತಕ್ಕೆ ಹೃದಯ ಇದೆ. ಕಡಲಿಗೆ ಅಂಥದ್ದು ಯಾವುದು? ಇಳಿಯುವ ನೀರೇ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ ಎಂದು ಬಹಳ ಕಾಲ ಬರೆದರು. ಅದು ಪೂರ್ತಿ ಸರಿಯಲ್ಲ. ಕಡಲು ಬಿಸಿಯಾಗುವುದೂ ಮೇಲಿನಿಂದ, ತಂಪಾಗುವುದೂ ಮೇಲಿನಿಂದ. ತಣ್ಣನೆಯ ನೀರು ಇಳಿದು ತಳ ತುಂಬಿದ ಮೇಲೆ ಅಲ್ಲಿಗೇ ನಿಂತುಹೋಗಬೇಕಿತ್ತು. ಅದನ್ನು ಮತ್ತೆ ಮೇಲಕ್ಕೆ ತರುವುದು ಯಾರು? ಒಂದು, ಉಬ್ಬರ-ಇಳಿತದ ಮತ್ತು ಗಾಳಿಯ ಶಕ್ತಿ. ಅದು ಆಳದಲ್ಲಿ ನೀರನ್ನು ಕದಡಿ ಮೇಲಿನ ಬೆಚ್ಚನೆಯನ್ನು ಕೆಳಗೆ ಬೆರೆಸುತ್ತದೆ. ಇನ್ನೊಂದು, ಅಂಟಾರ್ಕ್ಟಿಕಾದ ಸುತ್ತ ಬೀಸುವ ಜೋರು ಪಶ್ಚಿಮ ಗಾಳಿ. ಅದು ಮೇಲಿನ ನೀರನ್ನು ಉತ್ತರಕ್ಕೆ ಸರಿಸಿದಾಗ ಆ ಜಾಗಕ್ಕೆ ಆಳದ ನೀರು ಮೇಲೆದ್ದು ಬರುತ್ತದೆ. 2002ರಲ್ಲಿ ಅಮೆರಿಕದ ಕಡಲವಿಜ್ಞಾನಿ ಕಾರ್ಲ್ ವುನ್ಶ್ ‘ಸೈನ್ಸ್’ ಪತ್ರಿಕೆಯಲ್ಲಿ ಇದೇ ಪದವನ್ನು ಹಿಡಿದು ಪ್ರಶ್ನೆ ಎತ್ತಿದರು. ಒಂದೇ ಹೆಸರನ್ನು ಬೇರೆ ಬೇರೆಯವರು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಿದ್ದಾರೆ ಎಂಬುದು ಅವರ ತಕರಾರು. ಇಂಗ್ಲಿಷಿನಲ್ಲೇ ಆ ಪದ ಅಷ್ಟು ಗಟ್ಟಿಯಾಗಿ ನಿಂತಿಲ್ಲ. ಹಾಗಿರುವಾಗ ನಾವು ಅದನ್ನು ಅಕ್ಷರ ಅಕ್ಷರ ಹಿಡಿದು ಕನ್ನಡ ಮಾಡಲೇಬೇಕು ಎಂಬ ಹಟ ಬೇಡ.

ಈಗೀಗ ಸುದ್ದಿಯಲ್ಲಿ ಜಾಸ್ತಿ ಕಾಣುವುದು ‘ಎಎಂಒಸಿ’ ಅಥವಾ ‘ಅಮೋಕ್’, ಅಂದರೆ ‘ಅಟ್ಲಾಂಟಿಕ್ ಮೆರಿಡಿಯೋನಲ್ ಓವರ್‌ಟರ್ನಿಂಗ್ ಸರ್ಕ್ಯುಲೇಶನ್’. ಅಟ್ಲಾಂಟಿಕ್‌ನಲ್ಲಿ ಮೇಲೆ ಉತ್ತರಕ್ಕೆ ಹೋಗಿ, ಇಳಿದು, ಆಳದಲ್ಲಿ ದಕ್ಷಿಣಕ್ಕೆ ಮರಳುವ ಹರಿವು. ಈ ಹೆಸರಿನಲ್ಲಿ ಬಿಸಿಯೂ ಇಲ್ಲ, ಉಪ್ಪೂ ಇಲ್ಲ. ನೀರು ಏನು ಮಾಡುತ್ತದೆ ಎಂಬುದಷ್ಟೇ ಇದೆ: ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಕನ್ನಡದಲ್ಲಿ ಇದಕ್ಕೆ ‘ಮಗುಚು’ ಎಂಬ ಒಳ್ಳೆಯ ಪದ ಇದೆ. ದೋಸೆ ಮಗುಚುತ್ತೇವೆ, ಮಣ್ಣು ಮಗುಚುತ್ತೇವೆ. ‘ಮಗುಚುವ ಹರಿವು’ ಎಂದು ಬರೆದುನೋಡಿದೆ. ಕಿವಿಗೆ ಹಿತವಾಗಿದೆ. ಆದರೆ ಕರಾವಳಿಯಲ್ಲಿ ‘ಮಗುಚಿತು’ ಎಂದ ಕೂಡಲೇ ದೋಣಿ ನೆನಪಾಗುತ್ತದೆ. ಕಡಲಿನ ಬಗ್ಗೆ ಬರೆಯುವಾಗಲೇ ಆ ಪದ ಬಳಸುವುದು ಸರಿಯೇ? ಇಲ್ಲಿ ನನಗೆ ಮೀನುಗಾರ ಮನೆತನದವರ ಮಾತು ಬೇಕು. ‘ಬುಡಮೇಲು’ ಅಂತೂ ಆಗುವುದಿಲ್ಲ, ಅದರಲ್ಲಿ ಹಾಳಾಯಿತು ಎಂಬ ಅರ್ಥ ಸೇರಿಬಿಟ್ಟಿದೆ.

‘ಪ್ರವಾಹ’ದ ತೊಂದರೆ ನಿಮಗೆಲ್ಲ ಗೊತ್ತಿರುವುದೇ. ಭೂಗೋಳದ ಪಾಠದಲ್ಲಿ ಸಾಗರ ಪ್ರವಾಹ. ಪೇಪರಿನಲ್ಲಿ ಪ್ರವಾಹ ಅಂದರೆ ನೆರೆ, ಮುಳುಗಿದ ಊರು. ಅದಕ್ಕೇ ನಾನು ‘ಹರಿವು’ ಕಡೆಗೆ ವಾಲಿದ್ದೇನೆ. ‘ಸೆಳೆತ’ ಎಂಬುದೂ ಒಳ್ಳೆಯ ಪದ. ಆದರೆ ಅದರಲ್ಲಿ ಎಳೆದುಕೊಂಡು ಹೋಗುವ ಜೋರು ಇದೆ. ಆಳದ ನೀರಿಗೆ ಬಹಳ ಕಡೆ ಆ ಜೋರು ಇಲ್ಲ. ಉತ್ತರ ಪೆಸಿಫಿಕ್‌ನ ಆಳದ ನೀರು ಕೊನೆಯ ಸಲ ಗಾಳಿ ಮುಟ್ಟಿ ಸಾವಿರ ವರ್ಷಕ್ಕೂ ಹೆಚ್ಚಾಗಿದೆ. ನೀರಿನಲ್ಲಿರುವ ಕಾರ್ಬನ್-14 ಅಳೆದು ಇದನ್ನು ಕಂಡುಕೊಂಡಿದ್ದಾರೆ. ವೇಗ ಕಡಿಮೆ ಇರಬಹುದು, ಮೊತ್ತ ಮಾತ್ರ ದೊಡ್ಡದು. ಕಡಲಿನ ಹರಿವನ್ನು ಅಳೆಯುವುದಕ್ಕೆ ‘ಸ್ವೆರ್ಡ್ರುಪ್’ ಎಂಬ ಅಳತೆ ಇದೆ, ನಾರ್ವೆಯ ವಿಜ್ಞಾನಿಯೊಬ್ಬರ ಹೆಸರಿನದು. ಒಂದು ಸ್ವೆರ್ಡ್ರುಪ್ ಅಂದರೆ ಒಂದು ಸೆಕೆಂಡಿಗೆ 10 ಲಕ್ಷ ಘನ ಮೀಟರ್ ನೀರು. ಭೂಮಿಯ ಎಲ್ಲ ನದಿಗಳು ಸೇರಿ ಕಡಲಿಗೆ ಸುರಿಯುವುದು ಒಂದು ಚಿಲ್ಲರೆ ಸ್ವೆರ್ಡ್ರುಪ್. ಅಟ್ಲಾಂಟಿಕ್‌ನ ಈ ಮಗುಚುವ ಹರಿವು ಸುಮಾರು 17. ಇದನ್ನು 2004ರಿಂದ ಉತ್ತರ ಅಕ್ಷಾಂಶ 26.5 ಡಿಗ್ರಿಯಲ್ಲಿ, ಕಡಲಿಗೆ ಅಡ್ಡಲಾಗಿ ಉಪಕರಣಗಳನ್ನು ಇಳಿಬಿಟ್ಟು, ಬಿಡದೆ ಅಳೆಯುತ್ತಿದ್ದಾರೆ.

ಈ ಹರಿವಿನ ಸುದ್ದಿ ಬಂದಾಗಲೆಲ್ಲ ‘ಗಲ್ಫ್ ಸ್ಟ್ರೀಮ್ ನಿಂತುಹೋಗುತ್ತದೆ’ ಎಂಬ ತಲೆಬರಹ ಕಾಣುತ್ತದೆ. ಎರಡೂ ಒಂದೇ ಅಲ್ಲ. ಗಲ್ಫ್ ಸ್ಟ್ರೀಮ್ ಅಂದರೆ ಅಮೆರಿಕದ ಪೂರ್ವ ಕರಾವಳಿಗುಂಟ ಉತ್ತರಕ್ಕೆ ಹೋಗುವ ಬೆಚ್ಚನೆಯ ಹರಿವು. ಅದನ್ನು ಮುಖ್ಯವಾಗಿ ನಡೆಸುವುದು ಗಾಳಿ ಮತ್ತು ಭೂಮಿಯ ತಿರುಗುವಿಕೆ. ಗಾಳಿ ಬೀಸುವವರೆಗೆ ಅದು ಇರುತ್ತದೆ. ದುರ್ಬಲ ಆಗಬಹುದು ಎಂದು ವಿಜ್ಞಾನಿಗಳು ಹೇಳುತ್ತಿರುವುದು ಮಗುಚುವ ಹರಿವಿನ ಬಗ್ಗೆ. ಕಾರಣ ಮತ್ತೆ ಉಪ್ಪೇ. ಗ್ರೀನ್‌ಲ್ಯಾಂಡಿನ ಹಿಮ ಕರಗಿ ಸಿಹಿನೀರು ಸೇರಿದರೆ ಅಲ್ಲಿನ ಮೇಲಿನ ನೀರು ಹಗುರವಾಗುತ್ತದೆ, ತಣ್ಣಗಿದ್ದರೂ ಇಳಿಯುವುದು ಕಷ್ಟವಾಗುತ್ತದೆ. 1961ರಲ್ಲೇ ಕಡಲವಿಜ್ಞಾನಿ ಹೆನ್ರಿ ಸ್ಟೊಮೆಲ್ ಎರಡು ತೊಟ್ಟಿಗಳ ಸರಳ ಲೆಕ್ಕ ಮಾಡಿ ತೋರಿಸಿದ್ದರು. ತಾಪಮಾನ ಒಂದು ಕಡೆ ಎಳೆದು, ಉಪ್ಪು ಇನ್ನೊಂದು ಕಡೆ ಎಳೆದಾಗ, ಹರಿವು ಎರಡು ಬೇರೆ ಬೇರೆ ಸ್ಥಿತಿಗಳಲ್ಲಿ ನೆಲೆ ನಿಲ್ಲಬಹುದು, ಒಂದರಿಂದ ಇನ್ನೊಂದಕ್ಕೆ ಥಟ್ಟನೆ ಜಾರಲೂಬಹುದು. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2021ರ ವರದಿ ಈ ಶತಮಾನದಲ್ಲಿ ಹರಿವು ಕುಗ್ಗುವ ಸಾಧ್ಯತೆ ಬಹಳ ಹೆಚ್ಚು ಎನ್ನುತ್ತದೆ. 2100ರೊಳಗೆ ದಿಢೀರನೆ ಕುಸಿಯುವುದಿಲ್ಲ ಎಂಬ ಮಾತನ್ನು ಮಾತ್ರ ಅದು ಮಧ್ಯಮ ಭರವಸೆಯಿಂದಷ್ಟೇ ಹೇಳುತ್ತದೆ. ಈ ಎರಡು ವಾಕ್ಯಗಳ ನಡುವಿನ ಅಂತರ ಕನ್ನಡದ ಸುದ್ದಿಯಲ್ಲಿ ಉಳಿಯಬೇಕು ಎಂಬುದು ನನ್ನ ಆಸೆ. ಪದ ಸಡಿಲವಾದರೆ ಹೆದರಿಕೆ ಮಾತ್ರ ಉಳಿಯುತ್ತದೆ.

‘ಕನ್ವೇಯರ್ ಬೆಲ್ಟ್’ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1987ರಲ್ಲಿ ಅಮೆರಿಕದ ವಿಜ್ಞಾನಿ ವಾಲೇಸ್ ಬ್ರೋಕರ್ ಈ ಹೋಲಿಕೆಯನ್ನು ಜನಪ್ರಿಯ ಮಾಡಿದರು. ಚಿತ್ರ ಚೆಂದ ಇದೆ. ಆದರೆ ಪಟ್ಟಿ ಎಂದರೆ ಒಂದೇ ದಾರಿ, ಒಂದೇ ವೇಗ, ಎಲ್ಲೂ ಬೆರಕೆ ಇಲ್ಲ. ಕಡಲಲ್ಲಿ ಸುಳಿಗಳಿವೆ, ಕವಲುಗಳಿವೆ, ದಾರಿಯುದ್ದಕ್ಕೂ ಬೆರಕೆ ಇದೆ. ಕನ್ನಡಕ್ಕೆ ‘ಸಾಗಣೆ ಪಟ್ಟಿ’ ಎಂದು ಹೊಸ ಪದ ಕಟ್ಟುವ ಅಗತ್ಯ ನನಗೆ ಕಾಣುತ್ತಿಲ್ಲ.

ಇದೆಲ್ಲ ಹೊಸ ತಿಳಿವಳಿಕೆಯೂ ಅಲ್ಲ. 1751ರಲ್ಲಿ ಹೆನ್ರಿ ಎಲಿಸ್ ಎಂಬ ಇಂಗ್ಲಿಷ್ ಕಪ್ತಾನ ಅಟ್ಲಾಂಟಿಕ್‌ನ ಬೆಚ್ಚಗಿನ ಭಾಗದಲ್ಲಿ ಮುಚ್ಚಳದ ಬಕೆಟ್ಟೊಂದನ್ನು ಆಳಕ್ಕೆ ಇಳಿಸಿ ತಣ್ಣನೆಯ ನೀರು ಎತ್ತಿದ. ಅದು ಗುಲಾಮರನ್ನು ಸಾಗಿಸುವ ಹಡಗು. ಈ ವಿಜ್ಞಾನದ ಆರಂಭದ ಅಳತೆ ಅಂಥ ಹಡಗಿನಲ್ಲಿ ಆಗಿದೆ ಎಂಬುದನ್ನು ಬರಹದಲ್ಲಿ ಬಿಡಬಾರದು ಎಂದುಕೊಂಡಿದ್ದೇನೆ. 18ನೇ ಶತಮಾನದ ಕೊನೆಗೆ ವಿಜ್ಞಾನಿ ಕೌಂಟ್ ರಮ್‌ಫರ್ಡ್ ಈ ಚಳಿ ಧ್ರುವದಿಂದಲೇ ಬಂದಿರಬೇಕು ಎಂದು ವಾದಿಸಿದರು. ಅದಕ್ಕಿಂತ ಮೊದಲೇ, 1679ರಲ್ಲಿ, ಇಟಲಿಯ ಮಾರ್ಸಿಲಿ ಇಸ್ತಾಂಬುಲ್‌ನ ಬಾಸ್ಫರಸ್ ಜಲಸಂಧಿಯನ್ನು ಅಳೆದರು. ಮೇಲಿನ ನೀರು ಕಪ್ಪು ಸಮುದ್ರದಿಂದ ಹೊರಗೆ ಹರಿದರೆ, ಕೆಳಗಿನ ಉಪ್ಪುನೀರು ಎದುರು ದಿಕ್ಕಿಗೆ, ಒಳಗೆ ಹರಿಯುತ್ತಿತ್ತು. ಅಲ್ಲಿನ ಮೀನುಗಾರರಿಗೆ ಇದು ಮೊದಲೇ ಗೊತ್ತಿತ್ತು. ಮಾರ್ಸಿಲಿ ಊರಿಗೆ ಮರಳಿ ಒಂದು ತೊಟ್ಟಿಗೆ ನಡುವೆ ಅಡ್ಡಹಲಗೆ ಹಾಕಿ, ಒಂದು ಕಡೆ ಹೆಚ್ಚು ಉಪ್ಪಿನ ನೀರು, ಇನ್ನೊಂದು ಕಡೆ ಕಡಿಮೆ ಉಪ್ಪಿನ ನೀರು ತುಂಬಿದರು. ಹಲಗೆಯ ಮೇಲೊಂದು ಕೆಳಗೊಂದು ತೂತು ತೆರೆದಾಗ ನೀರು ಎರಡೂ ದಿಕ್ಕಿಗೆ ಹರಿಯಿತು. ಈ ಪ್ರಯೋಗವನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು.

ಮೀನುಗಾರರ ಮಾತು ಬಂತಲ್ಲ, ನನ್ನ ಕೇಳಿಕೆ ಮುಖ್ಯವಾಗಿ ಅಲ್ಲೇ ಇದೆ. ಕರಾವಳಿಯಲ್ಲಿ ಉಬ್ಬರಕ್ಕೆ ‘ಭರತ’ ಎಂಬ ಪದ ಇದೆ, ನದಿ ಕಡಲು ಸೇರುವ ಜಾಗಕ್ಕೆ ‘ಅಳಿವೆ’ ಇದೆ, ಉಪ್ಪುನೀರು ನುಗ್ಗುವ ಗದ್ದೆಗೆ ‘ಗಜನಿ’ ಇದೆ. ಬಯಲುಸೀಮೆಯಲ್ಲಿ ‘ಸವಳು’ ಇದೆ. ಅಳಿವೆಯಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಅಡಿಗೆ ಎಂಬುದನ್ನು ದಿನಾ ಬಲೆ ಬಿಡುವವರು ಕಂಡಿರುತ್ತಾರೆ. ಆ ಎರಡು ಪದರಗಳಿಗೆ ನಿಮ್ಮ ಕಡೆ ಏನನ್ನುತ್ತಾರೆ? ಮಳೆಗಾಲದಲ್ಲಿ ಆಳದ ತಣ್ಣನೆಯ ನೀರು ದಡದ ಹತ್ತಿರ ಮೇಲೇಳುವುದಕ್ಕೆ ಹೆಸರಿದೆಯೇ? ನಾನು ಸದ್ಯಕ್ಕೆ ‘ಮೇಲುಕ್ಕು’ ಎಂದು ಬರೆದಿದ್ದೇನೆ. ತುಳು, ಕೊಂಕಣಿ, ನವಾಯತಿ ಪದಗಳಾದರೂ ಸರಿ, ಹೇಳಿ.

ನನ್ನ ಸದ್ಯದ ಆಯ್ಕೆ ಹೀಗಿದೆ. ಪಠ್ಯಕ್ಕೂ ಪರೀಕ್ಷೆಗೂ ಬೇಕಾಗುತ್ತದೆ ಎಂದು ‘ಉಷ್ಣ-ಲವಣ ಪರಿಚಲನೆ’ಯನ್ನು ಒಂದೇ ಸಲ ಕೊಟ್ಟು, ಬರಹದ ಉದ್ದಕ್ಕೂ ‘ಆಳದ ಹರಿವು’ ಎಂದು ಬಳಸುವುದು. ಅಟ್ಲಾಂಟಿಕ್‌ನದಕ್ಕೆ ‘ಮಗುಚುವ ಹರಿವು’. ಆಳದಲ್ಲಿ ಇರುವುದಕ್ಕೆ ‘ಆಳನೀರು’, ಅದಕ್ಕೂ ಕೆಳಗಿನದಕ್ಕೆ ‘ತಳನೀರು’. ನಡುವಿನದಕ್ಕೆ ‘ನಡುನೀರು’ ಎನ್ನಲು ಮನಸ್ಸಿದೆ. ಆದರೆ ‘ನಡುನೀರಿನಲ್ಲಿ ಕೈಬಿಟ್ಟ’ ಎಂಬ ಮಾತು ಎಲ್ಲರ ಬಾಯಲ್ಲೂ ಇರುವುದರಿಂದ ಓದುಗರು ಬೇರೆ ಕಡೆ ಹೋಗಬಹುದೇ ಎಂದು ಯೋಚನೆ. ನೀರು ಇಳಿಯುವುದಕ್ಕೆ ‘ಇಳಿತ’ ಎನ್ನುವ ಹಾಗಿಲ್ಲ, ಅದು ಉಬ್ಬರದ ಜೋಡಿ. ‘ಮುಳುಗುವುದು’ ಎಂದರೆ ನೀರು ನೀರಿನಲ್ಲೇ ಮುಳುಗಿದ ಹಾಗಾಗುತ್ತದೆ. ನನಗೇನೋ ಅದು ಇಷ್ಟವೇ, ನಡೆಯುವುದೂ ಅದೇ ತಾನೆ. ಇದೊಂದು ಪದಕ್ಕೆ ನಿಮ್ಮ ಸಲಹೆ ಮೊದಲು ಬೇಕು.